ಷೇರುಪೇಟೆ ಪ್ರಶ್ನೋತ್ತರ: ಹೊಸ ವರ್ಷನ್ ಹಾಕುವ ಮುನ್ನ

ಪ್ರಶ್ನೆ: ತುಂಬ ವರ್ಷಗಳಿಂದ ಅಮಿಬ್ರೋಕರ್ ಎಂಬ ಷೇರು ಚಾರ್ಟ್ ಸಾಫ್ಟ್‌ವೇರಿನ 5.20 ವರ್ಷನ್ ಬಳಸುತ್ತಿದ್ದೇನೆ. 32 ಬಿಟ್, ವಿಂಡೋಸ್ 7 ಕಂಪ್ಯೂಟರ್. ಬ್ರೋಕರ್ ಕೊಟ್ಟ ಡೆಸ್ಕ್‌ಟಾಪ್ ಟರ್ಮಿನಲ್‌ನಿಂದ ರೇಟು ಎಕ್ಸೆಲ್‌ಗೆ ಬರುತ್ತದೆ, ಅಲ್ಲಿಂದ ಚಾರ್ಟ್‌ಗೆ. ನಿಫ್ಟಿಯ 50 ಷೇರುಗಳನ್ನಷ್ಟೇ ನೋಡುತ್ತೇನೆ. ಹೊಸ 64 ಬಿಟ್ ವರ್ಷನ್ ಹಾಕಿದರೆ ಸ್ಪೀಡ್ ಜಾಸ್ತಿ ಎಂದು ಗೆಳೆಯ ಹೇಳುತ್ತಾನೆ. ಹಾಕಿದರೆ ನಾನು ಕಳೆದುಕೊಳ್ಳುವುದು ಏನು?
– ಓದುಗರು, ರಾಣೆಬೆನ್ನೂರು

ಉತ್ತರ: ಹೊಸದರಲ್ಲಿ ಏನು ಸಿಗುತ್ತದೆ ಎಂದು ಕೇಳುವವರೇ ಹೆಚ್ಚು. ನೀವು ಏನು ಹೋಗುತ್ತದೆ ಎಂದು ಕೇಳಿದ್ದೀರಿ. ದುಡ್ಡು ಹಾಕಿ ವ್ಯವಹಾರ ಮಾಡುವವರು ಮೊದಲು ಕೇಳಬೇಕಾದದ್ದು ಇದನ್ನೇ.

ಸ್ಪೀಡಿನ ಮಾತು ಬೇಗ ಮುಗಿಸುತ್ತೇನೆ. 32 ಬಿಟ್ ಪ್ರೋಗ್ರಾಂ ಹೆಚ್ಚೆಂದರೆ 4 ಜಿಬಿ ಮೆಮೊರಿ ಬಳಸಬಲ್ಲದು. ಸಾವಿರಾರು ಷೇರುಗಳ ಒಂದೊಂದು ನಿಮಿಷದ ಡೇಟಾವನ್ನು ವರ್ಷಗಟ್ಟಲೆ ಇಟ್ಟುಕೊಂಡವರಿಗೆ ಅದು ಸಾಲುವುದಿಲ್ಲ. ಅಂಥವರಿಗೆ 64 ಬಿಟ್ ಬೇಕೇ ಬೇಕು. ನಿಮ್ಮ 50 ಷೇರಿಗೆ ಆ ಮಿತಿ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ತೊಂದರೆಗಳು. 64 ಬಿಟ್ ಪ್ರೋಗ್ರಾಂ ಒಳಗೆ 32 ಬಿಟ್ ಪ್ಲಗಿನ್ (ಪ್ರೋಗ್ರಾಂಗೆ ಹೊರಗಿನಿಂದ ಸೇರಿಸುವ ಚಿಕ್ಕ ಜೋಡಣೆ) ಲೋಡ್ ಆಗುವುದಿಲ್ಲ. ಡೇಟಾ ತರುವ ಪ್ಲಗಿನ್ ಇರಲಿ, ಆರ್ಡರ್ ಕಳಿಸುವ ಬ್ರಿಡ್ಜ್ ಇರಲಿ, ಯಾರೋ ಬರೆದುಕೊಟ್ಟ ಚಿಕ್ಕ ಡಿಎಲ್‌ಎಲ್ (ಬೇರೆ ಪ್ರೋಗ್ರಾಂ ಕರೆದು ಬಳಸುವ ಕೋಡ್) ಫೈಲ್ ಇರಲಿ, ಪ್ರತಿಯೊಂದಕ್ಕೂ 64 ಬಿಟ್ ಪ್ರತಿ ಬೇಕು. ಬರೆದುಕೊಟ್ಟವರು ಈಗ ಸಿಗದಿದ್ದರೆ ಆ ದಾರಿ ಮುಚ್ಚಿದಂತೆ. ಎಕ್ಸೆಲ್ ಕಥೆಯೂ ಹೀಗೇ. ವಿಂಡೋಸ್‌ನ ಡಿಎಲ್‌ಎಲ್ ಕರೆಯುವ ಹಳೆಯ ಮ್ಯಾಕ್ರೋ (ಎಕ್ಸೆಲ್ ಒಳಗಿನ ಚಿಕ್ಕ ಪ್ರೋಗ್ರಾಂ) 64 ಬಿಟ್ ಆಫೀಸ್‌ನಲ್ಲಿ ಹಾಗೇ ಓಡುವುದಿಲ್ಲ, ಅದರಲ್ಲಿ ಡಿಎಲ್‌ಎಲ್ ಹೆಸರಿಸುವ ‘ಡಿಕ್ಲೇರ್’ ಸಾಲುಗಳನ್ನು ತಿದ್ದಬೇಕು. ಹಾಗಾಗಿ ಇವತ್ತೇ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಚಾರ್ಟ್‌ಗೆ ರೇಟು ಬಂದು ತಲುಪುವವರೆಗೆ ಯಾವ ಯಾವ ಫೈಲ್ ಕೆಲಸ ಮಾಡುತ್ತಿದೆ ಎಂದು ಬರೆಯಿರಿ. ಆ ಪಟ್ಟಿ ಇಲ್ಲದೆ ವರ್ಷನ್ ಬದಲಿಸಬೇಡಿ.

ಇವು ಕಣ್ಣಿಗೆ ಕಾಣುವ ತೊಂದರೆಗಳು. ಪ್ಲಗಿನ್ ಲೋಡ್ ಆಗದಿದ್ದರೆ ಚಾರ್ಟ್ ಖಾಲಿ ಇರುತ್ತದೆ, ನೀವು ಆರ್ಡರ್ ಹಾಕುವುದಿಲ್ಲ, ದುಡ್ಡು ಹೋಗುವುದಿಲ್ಲ. ನನಗೆ ಹೆದರಿಕೆ ಇರುವುದು ಸದ್ದಿಲ್ಲದೆ ಬದಲಾಗುವ ಸಂಗತಿಗಳ ಬಗ್ಗೆ. ಎರರ್ ಬರುವುದಿಲ್ಲ, ಚಾರ್ಟ್ ಚೆನ್ನಾಗಿಯೇ ಕಾಣುತ್ತದೆ, ಅಂಕಿ ಮಾತ್ರ ಬೇರೆ.

ನಿಮ್ಮ ವಿಷಯದಲ್ಲೇ ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಅಮಿಬ್ರೋಕರ್‌ನಲ್ಲಿ ಕ್ಯುಮ್ ಎಂಬ ಫಂಕ್ಷನ್ ಇದೆ. ಬಾರ್‌ಗಳ, ಅಂದರೆ ಚಾರ್ಟ್‌ನಲ್ಲಿ ಒಂದೊಂದು ದಿನವನ್ನೋ ನಿಮಿಷವನ್ನೋ ತೋರಿಸುವ ಗೆರೆಗಳ, ಅಂಕಿಯನ್ನು ಕೂಡಿಸುತ್ತಾ ಹೋಗುವುದು ಅದರ ಕೆಲಸ. 5.30ಕ್ಕಿಂತ ಹಿಂದಿನ ವರ್ಷನ್‌ಗಳಲ್ಲಿ ಈ ಫಂಕ್ಷನ್ ಬಳಸಿದರೆ ಸಾಕು, ಚಾರ್ಟ್ ತನ್ನಲ್ಲಿರುವ ಎಲ್ಲ ಬಾರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. 5.30ರಿಂದ ಹಾಗಿಲ್ಲ. ವೇಗಕ್ಕಾಗಿ ಬೇಕಾದಷ್ಟು ಬಾರ್‌ಗಳನ್ನು ಮಾತ್ರ ನೋಡುತ್ತದೆ. ಎಲ್ಲ ಬಾರ್ ಬೇಕಾದರೆ ಸೆಟ್‌ಬಾರ್ಸ್‌ರಿಕ್ವೈರ್ಡ್ ಎಂಬ ಸಾಲನ್ನು ನಾವೇ ಫಾರ್ಮುಲಾದಲ್ಲಿ ಸೇರಿಸಬೇಕು. ನೀವು ಇರುವುದು 5.20ರಲ್ಲಿ. ನಿಮ್ಮ ಫಾರ್ಮುಲಾದಲ್ಲಿ ಕ್ಯುಮ್ ಇದ್ದರೆ ಅದು ಹೊಸ ವರ್ಷನ್‌ನಲ್ಲೂ ತಕರಾರಿಲ್ಲದೆ ಓಡುತ್ತದೆ, ಆದರೆ ಚಾರ್ಟ್ ಝೂಮ್ ಮಾಡಿದಂತೆ ಉತ್ತರ ಬದಲಾಗಬಹುದು. ತಯಾರಕರು ಇದನ್ನು ತಮ್ಮ ಕೈಪಿಡಿಯಲ್ಲಿ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಆದರೆ ಗೆಳೆಯರಿಂದ ಫಾರ್ಮುಲಾ ಪಡೆದವರಲ್ಲಿ ಎಷ್ಟು ಜನ ಕೈಪಿಡಿ ತೆರೆಯುತ್ತಾರೆ?

200 ದಿನಗಳ ಎಕ್ಸ್‌ಪೊನೆನ್ಷಿಯಲ್ ಸರಾಸರಿಯನ್ನೂ (ಇತ್ತೀಚಿನ ಬೆಲೆಗೆ ಹೆಚ್ಚು ತೂಕ ಕೊಡುವ ಸರಾಸರಿ) ನೋಡಿಕೊಳ್ಳಿ. ಪ್ರತಿ ದಿನದ ಸರಾಸರಿಗೆ ಹಿಂದಿನ ದಿನದ ಸರಾಸರಿ ಬೇಕು, ಅದಕ್ಕೆ ಅದರ ಹಿಂದಿನದು. ಹೊಸ ಪ್ರೋಗ್ರಾಂನಲ್ಲಿ ಕಡಿಮೆ ಇತಿಹಾಸ ಇದ್ದರೆ ಗೆರೆ ಸ್ವಲ್ಪ ಆಚೀಚೆ ಆಗುತ್ತದೆ. ಬೆಲೆ ಆ ಗೆರೆಯ ಪಕ್ಕದಲ್ಲೇ ಇರುವ ದಿನ ಹಳೆಯದರಲ್ಲಿ ಬಂದ ಸಿಗ್ನಲ್ ಹೊಸದರಲ್ಲಿ ಬಾರದೇ ಹೋಗಬಹುದು.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಫಾರ್ಮುಲಾದ ಇಫ್ ಎಂಬ ಷರತ್ತಿನ ಒಳಗೆ ಹೋಲಿಕೆಗೆ ಎರಡು ಸಮ ಚಿಹ್ನೆ ಹಾಕುವ ಬದಲು ಒಂದೇ ಹಾಕಿದ್ದರೆ ಹೊಸ ವರ್ಷನ್ ಎಚ್ಚರಿಕೆ ಕೊಡುತ್ತದೆ. ಈ ಎಚ್ಚರಿಕೆ ಬಂದರೆ ಹೊಸದು ಕೆಟ್ಟಿದೆ ಎಂದು ತಿಳಿಯಬೇಡಿ. ನಿಮ್ಮ ಫಾರ್ಮುಲಾ ಇಷ್ಟು ವರ್ಷ ತಪ್ಪು ಲೆಕ್ಕ ಮಾಡುತ್ತಿತ್ತು ಎಂದರ್ಥ.

ಹಾಗಾದರೆ 5.20ರಲ್ಲೇ ಇರುವುದಾ? ಅದಕ್ಕೂ ನಾನು ಒಪ್ಪುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. ಅಂಥ ಕಂಪ್ಯೂಟರ್‌ನಲ್ಲಿ ಟ್ರೇಡಿಂಗ್ ಪಾಸ್‌ವರ್ಡ್ ಹೊಡೆಯುವುದು ಬೇಡ. ಇನ್ನೊಂದು ಕಂಪ್ಯೂಟರ್‌ನಲ್ಲಿ ಹೊಸದನ್ನು ಹಾಕಿ. ಡೇಟಾಬೇಸ್ ಫೋಲ್ಡರ್‌ನ ನಕಲು ಕೊಡಿ, ಮೂಲವನ್ನು ಮುಟ್ಟಬೇಡಿ. ಹೊಸದು ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುತ್ತದೆ ಎಂದು ನಂಬಿ ಕೂರಬಾರದು. ಒಂದೇ ಫಾರ್ಮುಲಾ, ಅದೇ ಷೇರು, ಅದೇ ದಿನಾಂಕಗಳನ್ನು ಕೊಟ್ಟು ಎರಡರಲ್ಲೂ ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ಫಾರ್ಮುಲಾದ ಪರೀಕ್ಷೆ) ಓಡಿಸಿ. ಕೊನೆಯ ಲಾಭ ನಷ್ಟ ಮಾತ್ರ ನೋಡಬೇಡಿ, ಟ್ರೇಡ್‌ಗಳ ಪಟ್ಟಿಯನ್ನು ಸಾಲು ಸಾಲಾಗಿ ಹೋಲಿಸಿ. ಒಂದೇ ಒಂದು ಟ್ರೇಡ್ ಬೇರೆಯಾಗಿದ್ದರೂ ಕಾರಣ ಸಿಗುವವರೆಗೆ ಹಳೆಯದರಲ್ಲೇ ಮುಂದುವರಿಯಿರಿ. 32 ಬಿಟ್‌ನ ಹೊಸ ವರ್ಷನ್ ಕೂಡ ಸಿಗುತ್ತದೆ, ನಿಮಗೆ ಅದೇ ಮೇಲು. ಹಳೆಯ ಲೈಸೆನ್ಸ್ ಹೊಸದಕ್ಕೆ ನಡೆಯುತ್ತದಾ ಎಂದೂ ಮೊದಲೇ ವಿಚಾರಿಸಿ.

ಡೆಸ್ಕ್‌ಟಾಪ್ ಟರ್ಮಿನಲ್ ಬಗ್ಗೆ ಒಂದು ಮಾತು. ಬ್ರೋಕರ್‌ಗಳು ವೆಬ್ ಮತ್ತು ಮೊಬೈಲ್‌ಗೆ ಹೋಗುತ್ತಿದ್ದಾರೆ. ಅಲ್ಲಿ ಮಾರ್ಕೆಟ್ ವಾಚನ್ನು (ರೇಟುಗಳ ಪಟ್ಟಿ) ಎಕ್ಸೆಲ್‌ಗೆ ಜೋಡಿಸುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ, ಎಪಿಐ (ನಮ್ಮ ಪ್ರೋಗ್ರಾಂ ನೇರವಾಗಿ ಬ್ರೋಕರ್ ವ್ಯವಸ್ಥೆಯ ಜೊತೆ ಮಾತಾಡುವ ದಾರಿ) ತೆಗೆದುಕೊಳ್ಳಿ ಎನ್ನುತ್ತಾರೆ. ಎಪಿಐ ಮೂಲಕ ಆರ್ಡರ್ ಕಳಿಸುವುದಾದರೆ ಸೆಬಿ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಚೌಕಟ್ಟು ಅನ್ವಯಿಸುತ್ತದೆ. ಅದರಂತೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಬೇಕು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿ ಸಾಮಾನ್ಯವಾಗಿ ಬದಲಾಗುತ್ತಲೇ ಇರುತ್ತದೆ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಬ್ರೋಕರ್ ಆ್ಯಪ್ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಬೆಳಿಗ್ಗೆ ನೋಡಿದರೆ ಬಟನ್‌ಗಳೆಲ್ಲ ಬೇರೆ ಕಡೆ. ನನ್ನ ವಯಸ್ಸಿನವರಿಗೆ ಇದು ಕಷ್ಟ. ತಡೆಯಲು ಆಗುತ್ತದೆಯೇ?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೇಡಂ, ಇದು ವಯಸ್ಸಿನ ಪ್ರಶ್ನೆ ಅಲ್ಲ. ನಾನು ಹುಬ್ಬಳ್ಳಿಯ ಸಬ್‌ಬ್ರೋಕರ್ ಕಚೇರಿಯಲ್ಲಿ ವರ್ಷಗಟ್ಟಲೆ ಟರ್ಮಿನಲ್ ಮುಂದೆ ಕೂತವನು. ಎಫ್1 ಒತ್ತಿದರೆ ನೀಲಿ ಕಿಟಕಿ, ಖರೀದಿ. ಎಫ್2 ಒತ್ತಿದರೆ ಕೆಂಪು, ಮಾರಾಟ. ಗಿರಾಕಿ ಫೋನಿನಲ್ಲಿ ಷೇರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬೆರಳು ಅಲ್ಲಿರುತ್ತಿತ್ತು. ಬಣ್ಣ, ಬಟನ್ ಬದಲಾದರೆ ಇಪ್ಪತ್ತೈದರ ಹುಡುಗನ ಬೆರಳೂ ತಪ್ಪುತ್ತದೆ. ಸಾಫ್ಟ್‌ವೇರ್ ಮಾಡುವವರು ಇದನ್ನು ಅರ್ಥ ಮಾಡಿಕೊಳ್ಳಲೇಬೇಕು ಎಂಬುದು ನನ್ನ ಹಟ.

ನೀವು ಮುಖ್ಯವಾಗಿ ನೋಡಬೇಕಾದದ್ದು ಕ್ವಾಂಟಿಟಿ ಖಾನೆ. ಆಪ್ಷನ್ಸ್ (ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವಹಿವಾಟು) ಲಾಟ್ ಎಂಬ ನಿಗದಿತ ಕಟ್ಟುಗಳಲ್ಲಿ ನಡೆಯುತ್ತದೆ; ಅಲ್ಲಿ ಕೆಲವು ಆ್ಯಪ್ ಬಿಡಿ ಸಂಖ್ಯೆ ಕೇಳುತ್ತವೆ, ಕೆಲವು ಲಾಟ್‌ಗಳ ಸಂಖ್ಯೆ ಕೇಳುತ್ತವೆ. ನಿಫ್ಟಿ ಲಾಟ್ 75 ಇದ್ದಾಗಿನ ಲೆಕ್ಕ ಹೇಳುತ್ತೇನೆ. 5 ರೂಪಾಯಿ ಪ್ರೀಮಿಯಂನ (ಆಪ್ಷನ್ ಬೆಲೆಯ) ಒಂದು ಲಾಟ್‌ಗೆ 375 ರೂಪಾಯಿ. ಅಭ್ಯಾಸಬಲದಿಂದ 75 ಎಂದು ಟೈಪ್ ಮಾಡಿ, ಆ್ಯಪ್ ಅದನ್ನು 75 ಲಾಟ್ ಎಂದುಕೊಂಡರೆ 28,125 ರೂಪಾಯಿ. ಖಾತೆಯಲ್ಲಿ ಅಷ್ಟು ದುಡ್ಡಿದ್ದರೆ ಆರ್ಡರ್ ಹೋಗಿಯೇ ಬಿಡಬಹುದು.

ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, ಆಟೋ ಅಪ್‌ಡೇಟ್ ಮುಂದಿನ ಗುರುತು ತೆಗೆಯಿರಿ. ಶನಿವಾರ ನೀವೇ ಅಪ್‌ಡೇಟ್ ಮಾಡಿ, ಭಾನುವಾರ ಒಳಗೆಲ್ಲ ಓಡಾಡಿ ನೋಡಿ. ಸೋಮವಾರ ಅಗ್ಗದ ಷೇರೊಂದನ್ನು ಒಂದೇ ಒಂದು ಕೊಂಡು ಮಾರಿ, ಸ್ಟಾಪ್‌ಲಾಸ್ (ನಷ್ಟ ಮಿತಿ ಮೀರದಂತೆ ತಡೆಯುವ ಆರ್ಡರ್) ಹಾಕಿ ರದ್ದು ಮಾಡಿ. ಕೆಲವೊಮ್ಮೆ ಬ್ರೋಕರ್ ಹಳೆಯ ವರ್ಷನ್ ನಿಲ್ಲಿಸಿಬಿಡುತ್ತಾರೆ, ಆಗ ತಡೆಯಲು ಆಗದು. ಅದಕ್ಕೇ ಫೋನಿನಲ್ಲಿ ಆರ್ಡರ್ ಕೊಡುವ ಕಾಲ್ ಅಂಡ್ ಟ್ರೇಡ್ ನಂಬರನ್ನು ಕಾಗದದ ಮೇಲೆ ಬರೆದು ಇಟ್ಟುಕೊಂಡಿರಿ. ಆ್ಯಪ್ ಒಳಗೆ ಇರುವ ನಂಬರ್ ಆ್ಯಪ್ ತೆರೆಯದ ದಿನ ಉಪಯೋಗಕ್ಕೆ ಬಾರದು.

ಪ್ರಶ್ನೆ: ದೊಡ್ಡ ಕಂಪನಿಗಳಲ್ಲಿ ಇಂಥ ಎಡವಟ್ಟು ಆಗುವುದಿಲ್ಲ ಅಲ್ವಾ ಸರ್? ಅಲ್ಲಿ ಟೆಸ್ಟಿಂಗ್ ತಂಡವೇ ಇರುತ್ತದೆ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಆಗಿದೆ, ಅದೂ ಅಮೆರಿಕದಲ್ಲಿ. ನೈಟ್ ಕ್ಯಾಪಿಟಲ್ ಅಲ್ಲಿನ ದೊಡ್ಡ ಷೇರು ವಹಿವಾಟು ಸಂಸ್ಥೆಗಳಲ್ಲಿ ಒಂದಾಗಿತ್ತು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಹೊಸ ವ್ಯವಸ್ಥೆಯೊಂದು ಶುರುವಾಗಬೇಕಿತ್ತು. ಅದಕ್ಕಾಗಿ ಇವರು ತಮ್ಮ ಆರ್ಡರ್ ಕಳಿಸುವ ಸಾಫ್ಟ್‌ವೇರ್ ಬದಲಿಸಿದರು. 8 ಸರ್ವರ್‌ಗಳಲ್ಲಿ 7ಕ್ಕೆ ಹೊಸ ಕೋಡ್ ಹೋಯಿತು, ಒಂದಕ್ಕೆ ಹೋಗಲಿಲ್ಲ. ಆ ಒಂದರಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಉಳಿದಿತ್ತು. 2003ರಲ್ಲೇ ಅದರ ಬಳಕೆ ನಿಂತಿತ್ತು, ಆದರೆ ಅಳಿಸಿರಲಿಲ್ಲ. ಹೊಸ ಕೋಡ್ ಚಾಲೂ ಮಾಡಲು ಬಳಸಿದ ಫ್ಲ್ಯಾಗ್ (ಕೋಡ್ ಒಳಗಿನ ಸ್ವಿಚ್), ಹಿಂದೆ ಪವರ್ ಪೆಗ್ ಚಾಲೂ ಮಾಡಲು ಬಳಸುತ್ತಿದ್ದ ಅದೇ ಫ್ಲ್ಯಾಗ್!

ಮಾರುಕಟ್ಟೆ ತೆರೆಯಿತು. ಎಂಟನೆಯ ಸರ್ವರ್ ನಿಲ್ಲದೆ ಆರ್ಡರ್ ಕಳಿಸತೊಡಗಿತು. ಗಿರಾಕಿಗಳಿಂದ ಬಂದದ್ದು 212 ಆರ್ಡರ್. ಸುಮಾರು 45 ನಿಮಿಷದಲ್ಲಿ 154 ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಟ್ರೇಡ್‌ಗಳಾದವು. ನಷ್ಟ 46 ಕೋಟಿ ಡಾಲರ್‌ಗೂ ಜಾಸ್ತಿ. ಅಲ್ಲಿನ ನಿಯಂತ್ರಣ ಸಂಸ್ಥೆ ಎಸ್‌ಇಸಿ 2013ರಲ್ಲಿ ಕೊಟ್ಟ ಆದೇಶದಲ್ಲಿ ಇವೆಲ್ಲ ಇವೆ. ಅದರಲ್ಲಿ ನನ್ನನ್ನು ತುಂಬ ಕಾಡುವ ವಿವರಗಳು ಎರಡು. ಮಾರುಕಟ್ಟೆ ತೆರೆಯುವ ಮೊದಲೇ ಪವರ್ ಪೆಗ್ ಹೆಸರಿದ್ದ 97 ಇಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು, ಯಾರೂ ಅದರ ಮೇಲೆ ಕೆಲಸ ಮಾಡಲಿಲ್ಲ. ಗೊಂದಲದ ನಡುವೆ ಅವರು ಸರಿ ಇದ್ದ 7 ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು, ಆಗ ಅವುಗಳಲ್ಲೂ ಹಳೆಯ ಕೋಡ್ ಎದ್ದಿತು. ನೀವು ಮುಂದೆ ಇಂಥ ಕೆಲಸಕ್ಕೆ ಸೇರುವವರು. ಆ ಆದೇಶವನ್ನು ಪೂರ್ತಿ ಓದಿ.

ಪ್ರಶ್ನೆ: ವಿದೇಶಿ ಫಾರೆಕ್ಸ್ (ಕರೆನ್ಸಿ ವಹಿವಾಟು) ಬ್ರೋಕರ್ ಒಬ್ಬರು ಮೆಟಾಟ್ರೇಡರ್ ಎಂಬ ಟ್ರೇಡಿಂಗ್ ಸಾಫ್ಟ್‌ವೇರಿನ 4 ಬಿಟ್ಟು 5ಕ್ಕೆ ಬನ್ನಿ ಎನ್ನುತ್ತಿದ್ದಾರೆ. ತಾನಾಗಿಯೇ ಆರ್ಡರ್ ಹಾಕುವ ನನ್ನ ರೋಬೋ ಪ್ರೋಗ್ರಾಂ ಹೊಸದರಲ್ಲಿ ಓಡುತ್ತದೆಯೇ?
– ಯುವ ಓದುಗ, ಬಳ್ಳಾರಿ

ಉತ್ತರ: ಹಾಗೇ ಓಡುವುದಿಲ್ಲ. 4ಕ್ಕೆ ಬರೆದ ರೋಬೋವನ್ನು 5ಕ್ಕೆ ತಿರುಗಿ ಬರೆಯಬೇಕು, ಆರ್ಡರ್ ಕಳಿಸುವ ರೀತಿಯೇ ಬೇರೆ. 5ರ ನೆಟಿಂಗ್ ಖಾತೆಯಲ್ಲಿ ಒಂದು ಲಾಟ್ ಕೊಂಡು ಇನ್ನೊಂದು ಮಾರಿದರೆ ಉಳಿಯುವುದು ಸೊನ್ನೆ. 4ರಲ್ಲಿ ಎರಡೂ ಬೇರೆ ಬೇರೆಯಾಗಿ ಇರುತ್ತಿದ್ದವು. ಹಾಗೆ ಬೇರೆ ಬೇರೆಯಾಗಿ ಇಡುವ ಹೆಡ್ಜಿಂಗ್ ಖಾತೆ 5ಕ್ಕೆ ಬಂದದ್ದು 2016ರಲ್ಲಿ.

ಆದರೆ ತಮ್ಮಾ, ಅದಕ್ಕಿಂತ ಮುಂಚಿನ ಮಾತು ಒಂದಿದೆ. ಅನುಮತಿ ಇಲ್ಲದ ಫಾರೆಕ್ಸ್ ತಾಣಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ. ಅಂಥ ತಾಣಗಳಲ್ಲಿ ವ್ಯವಹಾರ ಮಾಡಿದರೆ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯ ಪ್ರಕಾರ ನಿಮ್ಮ ಮೇಲೂ ಕ್ರಮ ಆಗಬಹುದು. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. 4 ಇರಲಿ, 5 ಇರಲಿ, ಆ ಬ್ರೋಕರ್‌ಗೆ ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಮೊದಲು ನೋಡಿ. ಇಲ್ಲದಿದ್ದರೆ ರೋಬೋ ತಿದ್ದಿಸಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ಅಲ್ಲಿ ಇಟ್ಟಿರುವ ದುಡ್ಡನ್ನು ವಾಪಸ್ ತೆಗೆಯುವ ದಾರಿ ನೋಡಿ.