ನಾಲ್ಕು ವರ್ಷದ ಮಗಳಿಗೆ ಗೊತ್ತಾಗದ ಹಾಗೆ ತರಕಾರಿ ತಿನ್ನಿಸುವುದು ಹೇಗೆ?

ದಯವಿಟ್ಟು ಗೊತ್ತಾಗದ ಹಾಗೆ ತಿನ್ನಿಸಬೇಡಿ. ನನ್ನ ಮಗನಿಗೂ 4 ವರ್ಷ ಆಗಿದ್ದಾಗ ನಾನು ಇದನ್ನೇ ಮಾಡಿದ್ದೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಿತ್ತಲಲ್ಲೇ ಬಸಳೆ, ಹರಿವೆ, ಅಲಸಂಡೆ ಇದ್ದರೂ ಅವನು ಒಂದನ್ನೂ ಮುಟ್ಟುತ್ತಿರಲಿಲ್ಲ. ದೋಸೆ ಅಂದ್ರೆ ಮಾತ್ರ ಪ್ರಾಣ. ಹಾಗಾಗಿ ಚೀನಿಕಾಯಿ, ಅಂದರೆ ಸಿಹಿಗುಂಬಳ, ಬೇಯಿಸಿ ರುಬ್ಬಿ ಹಿಟ್ಟಿಗೆ ಸೇರಿಸಿದೆ. ಯಾಕೆ ಹಳದಿ ಅಂತ ಕೇಳಿದ. ಅರಿಶಿನ ಅಂದೆ. ಎರಡು ವಾರ ನಡೆಯಿತು. ಒಂದು ಬೆಳಗ್ಗೆ ಸಿಪ್ಪೆಯ ಹಸಿರು ಚೂರೊಂದು ನುಣ್ಣಗಾಗದೆ ಉಳಿದಿತ್ತು. ಅದನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು "ಅಮ್ಮಾ, ಇದೆಂಥ?" ಅಂದ. "ಎಂಥದೂ ಇಲ್ಲ, ತಿನ್ನು" ಅಂದುಬಿಟ್ಟೆ.

ನಾನು ಎಡವಿದ್ದು ಅಲ್ಲೇ. ಚೀನಿಕಾಯಿ ಹಾಕಿದ್ದರಲ್ಲಿ ತಪ್ಪಿಲ್ಲ, ಸೌತೆಕಾಯಿ ದೋಸೆ ನಾವು ಮಾಡ್ತೇವಲ್ವಾ. ಹೇಳದೆ ಹಾಕಿದೆ, ಸಿಕ್ಕಿಬಿದ್ದ ಮೇಲೂ ಸುಳ್ಳು ಹೇಳಿದೆ. ಮರುದಿನದಿಂದ ಬಿಳೀ ನೀರುದೋಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ, ಹರಿದು ಹರಿದು ಹುಡುಕುತ್ತಿದ್ದ, ಕೊನೆಗೆ ತಿನ್ನುವುದನ್ನೇ ಬಿಟ್ಟ. ತರಕಾರಿ ಮೊದಲೇ ಇರಲಿಲ್ಲ, ಈಗ ದೋಸೆಯೂ ಹೋಯಿತು. ನಾನು ಕೊಟ್ಟದ್ದನ್ನು ನಂಬಿ ಬಾಯಿಗಿಡುವುದಕ್ಕೆ ಅವನಿಗೆ ಮತ್ತೆ ನಾಲ್ಕೈದು ತಿಂಗಳು ಬೇಕಾಯಿತು.

ಸರಿಮಾಡಿದ್ದು ನನ್ನ ಅತ್ತೆ. ಅಲಸಂಡೆ ಕೊಯ್ಯಲು ಅವನನ್ನು ಕರಕೊಂಡು ಹೋಗುತ್ತಿದ್ದರು, ಮುರಿಯಲು ಕೊಡುತ್ತಿದ್ದರು. ತಿನ್ನು ಅಂತ ಒಂದು ದಿನವೂ ಹೇಳಲಿಲ್ಲ. ರಾತ್ರಿ ಕುಚ್ಚಲಕ್ಕಿ ಗಂಜಿ ಜೊತೆ ಅವನ ತಟ್ಟೆಗೂ ಎರಡೇ ಚೂರು ಪಲ್ಯ. ಬಿಟ್ಟರೆ ಬಿಟ್ಟ, ಯಾರೂ ಮಾತೆತ್ತುತ್ತಿರಲಿಲ್ಲ. 2ರಿಂದ 6 ವರ್ಷದ ಮಕ್ಕಳು ಹೊಸ ರುಚಿಗೆ ಹಿಂಜರಿಯುವುದು ಸಹಜ. ಒಂದೇ ತರಕಾರಿಯನ್ನು 10-15 ಸಲ ಮುಂದಿಡಬೇಕಾಗಬಹುದು, ನಾವು ಮೂರನೇ ಸಲಕ್ಕೇ ಇಷ್ಟ ಇಲ್ಲ ಅಂತ ತೀರ್ಮಾನಿಸಿಬಿಡ್ತೇವೆ.

"ಪಲ್ಯ ತಿಂದ್ರೆ ಚಾಕ್ಲೇಟ್" ಅನ್ನುವುದೂ ಬೇಡ. ಚಾಕ್ಲೇಟಿನ ಮೇಲಿನ ಆಸೆ ಜಾಸ್ತಿಯಾಗುತ್ತದೆ, ಪಲ್ಯ ಶಿಕ್ಷೆಯಾಗುತ್ತದೆ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹಾಲು, ಬಿಸ್ಕತ್ತು ಕೊಡಬೇಡಿ, ಹಸಿವೆ ಆಗಲಿ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಅನ್ನುವುದನ್ನು ಅವಳಿಗೆ ಬಿಡಿ. ತೂಕ ಏರದಿದ್ದರೆ ಮಾತ್ರ ಸುಮ್ನೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಮಗನಿಗೆ ಈಗ 9 ವರ್ಷ. ಅಲಸಂಡೆ, ಹರಿವೆ ತಿನ್ನುತ್ತಾನೆ. ಹಾಗಲಕಾಯಿ ಬೇಡ ಅನ್ನುತ್ತಾನೆ, ನಾನು ಬಡಿಸುವುದಿಲ್ಲ. ಚೀನಿಕಾಯಿ ದೋಸೆ ಮಾಡುವ ದಿನ ಹಿಟ್ಟು ರುಬ್ಬುವಾಗಲೇ ಹೇಳುತ್ತೇನೆ. ಕೆಲವು ಸಲ ಎರಡು ತಿಂದು ಏಳುತ್ತಾನೆ, ಕೆಲವು ಸಲ ನಿನ್ನೆಯ ಗಂಜಿ ಇದೆಯಾ ಅಂತ ಕೇಳುತ್ತಾನೆ.