ಲಿನೋಕಟ್ ಪ್ರಿಂಟ್‌ಗೆ ಮಡಿಕೇರಿ ಮಳೆಯಲ್ಲಿ ಬೂಷ್ಟು ಹಿಡಿಯದಂತೆ ಕಟ್ಟು ಹಾಕಿಸುವುದು ಹೇಗೆ?

ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಬಳಿದು ಕಾಗದಕ್ಕೆ ಒತ್ತಿದ್ದೇ ಲಿನೋಕಟ್. ಪ್ರಿಂಟು ಎಣ್ಣೆ ಶಾಯಿಯದ್ದಾದರೆ ಶಾಯಿಗೆ ಅಷ್ಟು ಭಯವಿಲ್ಲ, ಕೆಡುವುದು ಕಾಗದ. ಗಾಳಿಯ ತೇವ ಶೇ. 65–70 ದಾಟಿ ಹಾಗೇ ನಿಂತರೆ ಬೂಷ್ಟು ಬರುತ್ತದೆ. ಹಾಗಾಗಿ ಕಟ್ಟು ಹಾಕಿಸುವುದನ್ನು ಫೆಬ್ರವರಿ–ಮಾರ್ಚ್‌ನಲ್ಲೇ ಮುಗಿಸಿ. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳು) ಹಾಕಿಸಿದರೆ ತೇವವನ್ನೂ ಒಳಗೇ ಮುಚ್ಚಿಟ್ಟ ಹಾಗೆ.

ಗಾಜು ಕಾಗದಕ್ಕೆ ತಾಗಲೇಬಾರದು. ನಡುವೆ 2 ಮಿ.ಮೀ. ದಪ್ಪದ ಆಸಿಡ್-ಫ್ರೀ ಮೌಂಟ್ ಬೋರ್ಡ್ (ಚಿತ್ರ ಕಾಣುವಂತೆ ಮಧ್ಯೆ ಕತ್ತರಿಸಿದ, ಆಮ್ಲವಿಲ್ಲದ ರಟ್ಟು) ಇರಲಿ. ಅಂಗಡಿಯವರು ಫೆವಿಕಾಲ್ ಬಳಿದು ಪ್ಲೈವುಡ್‌ಗೆ ಅಂಟಿಸಲು ಹೊರಟರೆ ತಡೆಯಿರಿ. ತೇವಕ್ಕೆ ಕಾಗದ ಹಿಗ್ಗುತ್ತದೆ, ನಾಲ್ಕೂ ಕಡೆ ಬಿಗಿದಿದ್ದರೆ ಅಲೆಅಲೆಯಾಗಿ ಉಬ್ಬುತ್ತದೆ. ಪ್ರಿಂಟನ್ನು ಹಿಡಿದಿಡಲು ಮೇಲಂಚಿನಲ್ಲಿ ಎರಡೇ ಕಡೆ ತೆಳು ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು ಸಾಕು. ಸೆಲ್ಲೋಟೇಪ್ ಬೇಡವೇ ಬೇಡ. ಕೆಳಗೆ ಪೆನ್ಸಿಲ್‌ನಲ್ಲಿ ‘12/50’ (50ರಲ್ಲಿ 12ನೇ ಪ್ರತಿ) ಅಂತಲೋ ಸಹಿಯೋ ಇರುವ ಅಂಚನ್ನು ಕತ್ತರಿಸಲು ಬಿಡಬೇಡಿ, ಬೆಲೆ ಇಳಿಯುತ್ತದೆ.

ಗಾಳಿಮಳೆ ಹೊಡೆಯುವ ಪಶ್ಚಿಮದ ಗೋಡೆ ಬೇಡ, ಒಳಗೋಡೆಗೆ ಹಾಕಿ. ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆ ತಾಗಿಸದೆ, ನೆರಳಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಕೊಡವಿ. ಕಂದು ಚುಕ್ಕೆ ಬಿದ್ದಿದ್ದರೆ ಮಾತ್ರ ಅದು ಬ್ರಷ್‌ಗೆ ಜಗ್ಗುವುದಿಲ್ಲ.