ಅಡವಿ ಒಳಗ ಅಡ್ಡಾಡೂ ದಾರಿ: ಟ್ರ್ಯಾಕ್ಟರ್ ಒಳಗ ಹೋಗೂಕಿಂತ ಮೊದಲ

ಪ್ರಶ್ನೆ: ಸರ್, ಖಾನಾಪುರ ತಾಲೂಕಿನ್ಯಾಗ ನಮ್ಮದು 6 ಎಕರೆ ಮಾಲ್ಕಿ ಜಾಗ ಐತಿ. ಅರ್ಧ ಗೇರು ತೋಟ, ಇನ್ನರ್ಧ ಮತ್ತಿ, ನೇರಳೆ, ಬಿದಿರು ಹಂಗ ಬೆಳದ ಅಡವಿ, ನಡುವ ಗುಡ್ಡದ ಇಳಕಲು. ಅಪ್ಪಗ ಡಾಕ್ಟ್ರು ದಿನಾ ನಡೀರಿ ಅಂದಾರ, ರೋಡಿನ್ಯಾಗ ಲಾರಿ ಕಾಟ, ಅದಕ್ಕ ಅಡವಿ ಒಳಗ ಒಂದು ದಾರಿ ಮಾಡೋಣ ಅಂತ. ತಿಕೋಟಾದಾಗ ಮಾವನವರ ದ್ರಾಕ್ಷಿ ತೋಟದ 24 ಎಚ್‌ಪಿ ಸಣ್ಣ ಟ್ರ್ಯಾಕ್ಟರ್ ತರ್ತೀವಿ, ರೋಟಾವೇಟರ್ ಐತಿ, ಹಿಂದಿನ ಬ್ಲೇಡೂ ಐತಿ. ರೋಟಾವೇಟರ್ ಹೊಡದು ಸೀದಾ ಮ್ಯಾಲಿಂದ ಕೆಳಗ ದಾರಿ ಬಿಟ್ರ ಆಗ್ತದೇನ್ರಿ?

ಉತ್ತರ: ರೋಟಾವೇಟರ್ ಬ್ಯಾಡ್ರಿ, ಸೀದಾ ಇಳಸೂದಂತೂ ಬ್ಯಾಡ್ರಿ ಬ್ಯಾಡ. ತಿಕೋಟಾದ ಮಳಿ ಲೆಕ್ಕ ಹಿಡಕೊಂಡು ಖಾನಾಪುರದಾಗ ಮಣ್ಣು ಕೆದರಬಾರದು. ವಿಜಯಪುರ ಕಡೆ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ, ನಿಮ್ಮ ತಾಲೂಕಿನ್ಯಾಗ ಮಲಪ್ರಭಾ ಹುಟ್ಟೂ ಕಣಕುಂಬಿ ಕಡೆ 3000 ದಾಟ್ತದ, ಅದೂ ಬಹುಪಾಲು ಜೂನ್‌ದಿಂದ ಸಪ್ಟೆಂಬರ್ ಒಳಗ. ರೋಟಾವೇಟರ್ ಹೊಡದ ಕೆಂಪು ಮಣ್ಣು ರವಾದಂಗ ಆಗ್ತದ, ಹಿಡದಿಟ್ಟ ಬೇರು ಹರದು ಹೋಗ್ತಾವು, ಮೊದಲನೇ ದೊಡ್ಡ ಮಳಿಗೆ ನಿಮ್ಮ ದಾರಿ ಹಳ್ಳ. ಊರ ಹೊರಗಿನ ಹಳೇ ಚಕ್ಕಡಿ ದಾರಿ ನೋಡಿರ್ತೀರಿ, ಗುಡ್ಡಕ್ಕ ಸೀದಾ ಏರಿದ್ದು ಎಲ್ಲಾ ಎದಿಮಟ ಕೊರದು ಹೋಗಿರ್ತಾವು, ಅಡ್ಡ ಬಳಸಿ ಹ್ವಾದದ್ದು ಅಜ್ಜನ ಕಾಲದ್ದು ಇವತ್ತಿಗೂ ನಡಿಯಾಕ ಬರ್ತದ. ನೀರು ಎಲ್ಲಿಂದ ಬಂದು ಎಲ್ಲಿ ಹೋಗ್ತದ ಅನ್ನೂದು ತಿಳಕೊಂಡ್ರ ದಾರಿ ಅರ್ಧ ಆದಂಗ, ಟ್ರ್ಯಾಕ್ಟರ್ ಕೆಲಸ ಎರಡೂವರಿ ದಿನದ್ದು ಅಷ್ಟ.

ಅದಕ್ಕ ಈ ಮಳಿಗಾಲದಾಗ ಕೊಡಿ ಹಿಡಕೊಂಡು ಒಳಗ ಅಡ್ಡಾಡ್ರಿ, ಜೋರ ಮಳಿ ಇದ್ದಾಗ. ನೀರು ಹರಿಯೂ ಜಾಗ, ನಿಲ್ಲೂ ಜಾಗ, ಬುಗ್ಗಿ ಏಳೂ ಜಾಗ ಎಲ್ಲಾ ಗಿಡಕ್ಕ ಬಣ್ಣದ ದಾರ ಕಟ್ಟಿ ಗುರ್ತು ಮಾಡ್ರಿ. ಅಪ್ಪನ್ನೂ ಕರಕೊಂಡು ಹೋಗ್ರಿ, ಎಲ್ಲಿ ಅವರಿಗೆ ದಮ್ಮು ಬರ್ತದ, ಎಲ್ಲಿ ನಿಂತು ನೋಡಬೇಕು ಅನ್ನಿಸ್ತದ, ಅದನ್ನೂ ಬರದಿಡ್ರಿ, ಕೂಡಾಕ ಕಲ್ಲಿನ ಕಟ್ಟಿ ಹಾಕೂ ಜಾಗ ಅಲ್ಲೇ ಸಿಗ್ತದ.

ಆಮ್ಯಾಲ ಇಳಕಲು ಅಳೀರಿ. ಗವಂಡಿ ಕಡೆ ಇರೂ ನೀರಿನ ಟ್ಯೂಬ್ ಲೆವೆಲ್ ಸಾಕು. 10 ಅಡಿಗೊಂದು ಗೂಟ ಬಡೀರಿ, ದಾರಿ ಉದ್ದಕ್ಕ 10 ಅಡಿಗೆ 1 ಅಡಿಕಿಂತ ಜಾಸ್ತಿ ಏರಬಾರದು, ವಯಸ್ಸಾದವರಿಗೆ ಅಂದ್ರ ಇನ್ನೂ ಕಮ್ಮಿ ಇರಲಿ. ಇನ್ನೊಂದು ಲೆಕ್ಕ ಐತಿ, ಅದನ್ನ ಭಾಳ ಮಂದಿ ಮರೀತಾರ: ಗುಡ್ಡದ ಇಳಕಲು ಎಷ್ಟೈತಿ ಅದರ ಅರ್ಧಕ್ಕಿಂತ ದಾರಿ ಇಳಕಲು ಕಮ್ಮಿ ಇರಬೇಕು. ಗುಡ್ಡ 10 ಅಡಿಗೆ 1 ಅಡಿನ ಇಳೀತದ ಅಂದ್ರ ದಾರಿ ಅರ್ಧ ಅಡಿ ಒಳಗ ಇರಲಿ. ಇಲ್ಲಾಂದ್ರ ನೀರು ದಾರಿ ದಾಟಿ ಕೆಳಗ ಹೋಗೂದಿಲ್ಲ, ದಾರಿ ಹಿಡದ ಹರೀತದ.

ದಾರಿ 4 ಅಡಿ ಅಗಲ ಇದ್ರ ಕೆಳಗಿನ ದಂಡಿ ಮ್ಯಾಲಿನ ದಂಡಿಕಿಂತ ಎರಡ್ಮೂರು ಇಂಚು ಇಳದಿರಲಿ. ಪ್ರತಿ 30-40 ಅಡಿಗೆ ದಾರಿನ ಒಂದೀಟು ಇಳಿಸಿ ಮತ್ತ ಏರಿಸ್ರಿ, ಉದ್ದಕ 10-15 ಅಡಿ ಎಳದಂಗ ಇರಲಿ, ಕಾಲಿಗೆ ಗೊತ್ತಾಗಬಾರದು ಆದ್ರ ನೀರಿಗೆ ಗೊತ್ತಾಗಬೇಕು, ಅಲ್ಲೇ ಹೊರಗ ಬೀಳಬೇಕು. ಸಣ್ಣ ಪೈಪ್ ಹಾಕಬ್ಯಾಡ್ರಿ, ಮತ್ತಿ ಎಲಿ ನಾಕು ಬಿದ್ರ ಬಾಯಿ ಕಟ್ತದ. ನೀರು ದಾಟೂ ಜಾಗಕ್ಕ ದಪ್ಪ ಕಲ್ಲು ಹಾಸಿ ಸಂದಿನ್ಯಾಗ ಗರಸು ತುಂಬ್ರಿ.

ಟ್ರ್ಯಾಕ್ಟರ್ ಯಾವಾಗ ಅಂದ್ರ ಅಕ್ಟೋಬರ್ ಕೊನೀಗೆ, ನವಂಬರ್‌ನ್ಯಾಗ. ಮಣ್ಣು ಮುಷ್ಟಿ ಹಿಡದ್ರ ಉಂಡಿ ಆಗಬೇಕು, ಕೈಗೆ ಮೆತ್ತಬಾರದು. ಹಸಿ ಇದ್ದಾಗ ಗಾಲಿ ಹಲ್ಲು ಮಣ್ಣು ಕಿತ್ತು ಒಗೀತಾವು, ಜನವರಿ ಮ್ಯಾಲ ಜಂಬಿಟ್ಟಿಗೆ ಮಣ್ಣು ಕಲ್ಲಾಗಿ ಬ್ಲೇಡ್ ಮ್ಯಾಲಷ್ಟ ಜಾರ್ತದ. ಫೆಬ್ರವರಿ ನಂತರ ಒಣ ಎಲಿ ಮ್ಯಾಲ ಬಿಸಿ ಸೈಲೆನ್ಸರ್ ಇರೂ ಗಾಡಿ ಒಯ್ಯೂದು ಬೆಂಕಿಗೆ ಕರಿ ಕಳಿಸಿದಂಗ.

ಮೊದಲ ಕೈಯಿಂದ ಲಂಟಾನ, ಬಿದಿರು ಕಡದು 6 ಅಡಿ ಅಗಲ ಜಾಗ ಮಾಡ್ಕೋರಿ, ಮ್ಯಾಲ 8 ಅಡಿ ಎತ್ತರ ಖಾಲಿ ಇರಲಿ. ಬಿದಿರು, ಸಣ್ಣ ಗಿಡ ಓರೆ ಕಡದು ಬಿಟ್ರ ಆ ಮೋಟು ಭರ್ಚಿ ಇದ್ದಂಗ, ಟೈರಿಗೂ ಕಾಲಿಗೂ, ನೆಲದ ಸಮ ಕಡೀರಿ. ಮ್ಯಾಲ ಒಣ ಕೊಂಬಿ ಸಿಕ್ಕಿಬಿದ್ದ ಗಿಡದ ಕೆಳಗ ಗಾಡಿ ನಿಲ್ಲಸಬ್ಯಾಡ್ರಿ, ಹೆಜ್ಜೇನು ಹುಟ್ಟು ಐತೇನು ಅಂತ ಹಿಂದಿನ ದಿನಾನ ನೋಡ್ರಿ, ಎಂಜಿನ್ ಸಪ್ಪಳಕ್ಕ, ಹೊಗಿಗೆ ಏಳ್ತಾವು. ಆಮ್ಯಾಲ ಬ್ಲೇಡ್ ಓರೆ ಇಟ್ಟು, ಗಾಡಿ ಲೋ ಗೇರ್ ಹಾಕಿ ಎಲಿ ಸರಿಸ್ರಿ, ಮ್ಯಾಲಿನ ದಂಡಿ ಗಟ್ಟಿ ಇದ್ರ ಗುದ್ದಲಿಂದ ಸಡ್ಲ ಮಾಡಿ ಒಂದೊಂದ ಪದರು ಎಳೀರಿ. ಕಡದ ಮಣ್ಣು ಕೆಳಗಿನ ದಂಡಿಗೆ ತುಂಬಿ ಅದರ ಮ್ಯಾಲ ಗಾಲಿ ಹೊಡಿಯೂದು ತಪ್ಪು, ಆ ಮಣ್ಣು ಕುಸೀತದ, ಗಾಲಿ ಯಾವತ್ತೂ ಕಡದ ಗಟ್ಟಿ ನೆಲದ ಮ್ಯಾಲ ಇರಲಿ. ದೊಡ್ಡ ಗಿಡದ ಬುಡದ ಹತ್ರ ಬ್ಲೇಡ್ ಎತ್ತಿಬಿಡ್ರಿ, ಉಣ್ಣೂ ಬೇರು ಬಹುಪಾಲು ಮ್ಯಾಲಿನ ಒಂದೂವರೆ ಅಡಿ ಮಣ್ಣಿನ್ಯಾಗ ಇರ್ತಾವು, ಅಲ್ಲಿ ದಾರಿನ ಬಳಸ್ರಿ, ಇಲ್ಲಾ ಬೇರಿನ ಮ್ಯಾಲ ಒಂದೀಟು ಗರಸು ಹಾಕಿ ನಡೀರಿ. ನೂರು ವರ್ಷದ ಮತ್ತಿ ಬೇರು ಕಡದು ದಾರಿ ಸೀದಾ ಮಾಡಿದ್ರ ಅಪ್ಪ ನಡಿಯಾಕ ಹೋಗೂದು ಏನು ನೋಡಾಕ ಹೇಳ್ರಿ.

ಇನ್ನ ಆ ಟ್ರ್ಯಾಕ್ಟರ್ ಬಗ್ಗೆ, ಇದನ್ನ ದಯವಿಟ್ಟು ಎರಡು ಸಲ ಓದ್ರಿ. ದ್ರಾಕ್ಷಿ ಸಾಲಿನ್ಯಾಗ ಹಾಯಲಿ ಅಂತ ಅದರ ಹಿಂದಿನ ಗಾಲಿ ಒಳಗ ಮಾಡಿರ್ತಾರ, ಸಪಾಟ ಹೊಲದಾಗ ಅದು ಛಲೋ, ಗುಡ್ಡದಾಗ ಅದೇ ಗಾಡಿ ಮಗ್ಗಲಿಗೆ ಉರಳ್ತದ. ರಿಮ್ ತಿರುವಿ ಹಾಕಿ ಗಾಲಿ ಎಷ್ಟು ಹೊರಗ ಬರ್ತಾವೋ ಅಷ್ಟು ಹೊರಗ ತರ್ರಿ, ಔಷಧ ಹೊಡಿಯೂ ಬ್ಲೋವರ್ ಟಾಕಿ ಬಿಚ್ಚಿಡ್ರಿ, ಮುಂದ ವೇಟ್ ಹಾಕ್ರಿ, ಬ್ಲೇಡ್ ನೆಲಕ್ಕ ಹತ್ತಿರ ಇಟ್ಟ ಓಡಿಸ್ರಿ. ಮಗ್ಗಲ ಇಳಕಲು ಜಾಸ್ತಿ ಇರೂ ಕಡೆ ಮೊದಲನೇ ಪದರು ಹಾರಿ, ಸನಿಕೆ, ಬುಟ್ಟಿ ಹಿಡದು ಮನಷ್ಯಾರ ತಗೀಲಿ, ಗಾಡಿ ಕೂಡೂವಷ್ಟು ಸಪಾಟ ಆದಮ್ಯಾಲ ಒಳಗ ತರ್ರಿ. ಹಿಂದ ಉರುಳು ತಡಿಯೂ ಕಬ್ಬಣದ ಚೌಕಟ್ಟು ಇದ್ರ ಬೆಲ್ಟ್ ಹಾಕ್ರಿ, ಇಲ್ಲದಿದ್ರ ಇಳಕಲಿಗೆ ಒಯ್ಯಲೇಬ್ಯಾಡ್ರಿ ಅಂತ ನಾ ಹೇಳ್ತೀನಿ. ಮಡ್‌ಗಾರ್ಡ್ ಮ್ಯಾಲ ಹುಡುಗುರ್ನ ಕೂಡಸೂ ಚಟ ನಮ್ಮ ಕಡೆ ಭಾಳ ಐತಿ, ಅವತ್ತು ಬ್ಯಾಡ.

ಕಾಗದ ಪತ್ರ: ಜಾಗ ನಿಮ್ಮದಾದ್ರೂ ಗಿಡ ಕಡಿಯಾಕ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಪರವಾನಗಿ ಬೇಕಾಗ್ತದ, ಗಂಧ, ಬೀಟೆ, ಸಾಗವಾನಿ ಇದ್ರಂತೂ ಕೈ ಹಚ್ಚೂಕಿಂತ ಮೊದಲ ರೇಂಜ್ ಆಫೀಸಿಗೆ ಹೋಗಿ ಕೇಳ್ರಿ. ಹದ್ದಬಸ್ತು ಮಾಡಿಸಿ ಗಡಿ ಕಲ್ಲು ನೋಡ್ಕೋರಿ, ನಿಮ್ಮ ತಾಲೂಕಿನ್ಯಾಗ ಭೀಮಗಡ ಅಭಯಾರಣ್ಯ ಐತಿ, ಅರಣ್ಯದ ಜಾಗಕ್ಕ ಒಂದು ಗೇಣು ಬ್ಲೇಡ್ ಹ್ವಾದ್ರೂ ಕೇಸು. ಕರಡಿ ಓಡಾಡೂ ಕಡೆ ಅಪ್ಪನ್ನ ನಸಿಕಿನ್ಯಾಗ, ಕತ್ತಲಾದಮ್ಯಾಲ ಒಬ್ಬರ್ನ ಕಳಿಸಬ್ಯಾಡ್ರಿ. ಡಿಸೆಂಬರ್‌ದಿಂದ ಮೇ ತನಕ ಉಣ್ಣಿ ಕಾಲ, ನಿಮ್ಮ ಗಡಿ ಆಚೆ ಗೋವಾದ ಸತ್ತರಿ ಕಡೆ ಉಣ್ಣಿ ಕಡದು ಬರೂ ಮಂಗನ ಕಾಯಿಲೆ ಕಂಡಿದ್ದೈತಿ, ಉದ್ದ ಪ್ಯಾಂಟ್ ಹಾಕಿ ಹೋಗಿ, ಬಂದ ಕೂಡ್ಲೇ ಬಿಸಿನೀರು ಸ್ನಾನ, ಬಟ್ಟಿ ಬಿಸಿನೀರಿಗೆ. ಸತ್ತ ಮಂಗ ಕಂಡ್ರ ಮುಟ್ಟದ ಆರೋಗ್ಯ ಇಲಾಖೆಗೆ ಹೇಳ್ರಿ.

ಪ್ರಶ್ನೆ: ನಮ್ಮ ತೋಪಿನ್ಯಾಗ ದಾರಿಗೆ ಅಡ್ಡ ಬಿದ್ದ ಹುಣಸಿ ಕೊರಡು, ಎರಡು ಹಳೇ ಮೋಟು ಅದಾವು. ಸಣ್ಣ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳಿಬಹುದಾ, ಲಿಫ್ಟ್ 750 ಕೆಜಿ ಎತ್ತತದ ಅಂತ ಪುಸ್ತಕದಾಗ ಬರದಾರ. (ಹುಕ್ಕೇರಿ ತಾಲೂಕಿನ ಓದುಗರು)

ಉತ್ತರ: ಆ 750 ಕೆಜಿ ಅನ್ನೂದು ಲಿಫ್ಟಿನ ತೋಳು ಎತ್ತೂ ತೂಕ, ನೆಲದಾಗ ಬೇರು ಬಿಟ್ಟ ಮೋಟು ಕೀಳೂ ಲೆಕ್ಕ ಅಲ್ರಿ. ಸರಪಳಿನ ಮ್ಯಾಲಿನ ಟಾಪ್ ಲಿಂಕಿಗೆ, ಇಲ್ಲಾ ಹಿಂದಿನ ಆಕ್ಸಲಿಗೆ ಕಟ್ಟಿದ್ರ ಮೋಟು ಅಲ್ಲೇ ಇರ್ತದ, ಗಾಲಿ ತಿರಗಾಕ ಆಗಂಗಿಲ್ಲ, ಗಾಡಿ ತನ್ನ ಆಕ್ಸಲ್ ಸುತ್ತ ತಾನ ಎದ್ದು ಹಿಂದಕ್ಕ ಬೀಳ್ತದ. ಒಂದು, ಒಂದೂವರೆ ಸೆಕೆಂಡ್ ಆಟ, ಕ್ಲಚ್ ತುಳೀಬೇಕು ಅಂತ ತಲಿಗೆ ಹೊಳಿಯೂದ್ರಾಗ ಮುಗದಿರ್ತದ. ಎಳಿಯೂದು ಹಿಂದ ಕೆಳಗಿರೂ ಎಳಿಯೂ ಪಟ್ಟಿ, ಅಂದ್ರ ಡ್ರಾಬಾರ್‌ಗೆ ಮಾತ್ರ, ಸಣ್ಣ ಗೇರು, ಸರಪಳಿ ನಿಧಾನ ಬಿಗಿ ಆಗಲಿ, ಜರ್ಕ್ ಬ್ಯಾಡ. ಕೊರಡನ್ನ ಮೊದಲ ನಾಕೈದು ಅಡಿ ತುಂಡು ಮಾಡ್ಸಿ ಒಂದೊಂದ ಎಳೀರಿ, ಮುಂದ ಯಾರೂ ನಿಲ್ಲಬಾರದು, ಸರಪಳಿ ಪಕ್ಕಾನೂ ನಿಲ್ಲಬಾರದು. ಮೋಟು ಕೀಳಾಕ ಹೋಗಬ್ಯಾಡ್ರಿ. ದಾರಿನ ಎರಡು ಅಡಿ ಸರಿಸಿಬಿಡ್ರಿ. ಹುಣಸಿ ಕೊರಡಿನ ಒಂದು ತುಂಡು ಅಲ್ಲೇ ಕೂಡಾಕ ಇಡ್ರಿ, ಹುಣಸಿ ಬಾಳಿಕಿ ಬರ್ತದ.

ಪ್ರಶ್ನೆ: ಬೀಳಗಿ ತಾಲೂಕು, ಎರಿ ಭೂಮಿ, 2 ಎಕರೆ ಬೇವು ಮತ್ತು ಜಾಲಿ. ಒಳಗ ಬ್ಲೇಡ್ ಹೊಡದು ದಾರಿ ಮಾಡಿದ್ವಿ, ಮಳಿ ಬಂದ ಮ್ಯಾಲ ಕಾಲು ಹೂತು ಹೋಗ್ತಾವು. ಇನ್ನೂ ಆಳ ತಗೀಬೇಕೇನ್ರಿ?

ಉತ್ತರ: ತಗದದ್ದ ತಪ್ಪಾತು. ಎರಿ ಮಣ್ಣು ನೀರು ಕುಡದು ಉಬ್ಬತದ, ಒಣಗಿದ್ರ ಬಿರಿತದ, ಅದರಾಗ ತಗ್ಗು ಮಾಡಿದ್ರ ಅದು ದಾರಿ ಅಲ್ಲ, ಗಟಾರ. ಖಾನಾಪುರದವರಿಗೆ ಹೇಳಿದ್ದು ನಿಮಗ ಉಲ್ಟಾ, ಕಡೀಬ್ಯಾಡ್ರಿ, ಏರಿಸ್ರಿ. ಎರಡೂ ಮಗ್ಗಲಿನ ಮಣ್ಣು ನಡುವ ಎಳದು ಮೊದಲ ತಗ್ಗು ತುಂಬ್ರಿ, ಆಮಿ ಬೆನ್ನಿನಂಗ ನಡುವ ಎತ್ತರ ಇರಲಿ, ಅದು ಗಟ್ಟಿ ಆದಮ್ಯಾಲ ಗರಸು. 100 ಅಡಿ ಉದ್ದ, 4 ಅಡಿ ಅಗಲಕ್ಕ 8 ಇಂಚು ಸಡ್ಲ ಹಾಕಿದ್ರ ಹೆಚ್ಚು ಕಮ್ಮಿ ಪೌಣೆ ಮೂರು ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ) ಬೇಕು, ತುಳದ ಮ್ಯಾಲ 6 ಇಂಚು ಉಳೀತದ. ಎರಡು ಪದರಿನ್ಯಾಗ ಹಾಕಿ ಪ್ರತಿ ಪದರಿಗೂ ನೀರು ಸಿಂಪಡಿಸಿ ಟ್ರ್ಯಾಕ್ಟರ್ ಗಾಲಿ ಹಾಯಸ್ರಿ, ಒಂದ ಜಾಡಿನ್ಯಾಗ ಅಲ್ಲ, ಜರಗಿಸಿ ಜರಗಿಸಿ. ಜಾಲಿ ಮುಳ್ಳು ಕಡದಿದ್ದನ್ನ ದಾರಿ ಮಗ್ಗಲ ಒಟ್ಟಬ್ಯಾಡ್ರಿ, ಗರಸಿನ್ಯಾಗ ಕೂಡಿದ್ರ ವರ್ಷಗಟ್ಲೆ ಚಪ್ಪಲಿ ತೂರಿ ಬರ್ತಾವು, ಒಂದು ಕಡೆ ಒಯ್ದು ಬೇಲಿಗೆ ಹಾಕ್ರಿ. ಬಳ್ಳಾರಿ ಜಾಲಿ ಆಗಿದ್ರ ಬುಡದ ಗಡ್ಡಿ ಸಮೇತ ತಗೀರಿ, ಮ್ಯಾಲ ಕಡದು ಬಿಟ್ರ ಒಂದು ಇದ್ದದ್ದು ಹತ್ತು ಚಿಗರ್ತಾವು, ಅದೂ ನಿಮ್ಮ ಹೊಸಾ ಗರಸಿನ ದಂಡಿಗೇ.